ಅಮ್ಮನ ಫೋನು ಬರೆದ ಶೋಕಗೀತೆ

ಬಿಷ್ಕೆಕ್ ನಗರದ ಟ್ರಾಲಿಬಸ್ಸಿನಲ್ಲಿ ರೊಟ್ಟಿಯ ಚೀಲ ಅಪ್ಪಿಕೊಂಡು ನಿಂತಿದ್ದ ಬುರುಲ್‌ಳ ಕಿವಿಗೆ ಮುಂದಿನ ಸೀಟಿನ ಇಬ್ಬರು ಹೆಂಗಸರ ಮಾತು ಬಿತ್ತು.

“ನಾನು ಕೊಟ್ಟ ಆ ಮಾತಾಡೋ ಯಂತ್ರದ ಕಾದಂಬರಿ ಮುಗೀತೇನೇ, ಸಾಯ್ರಾ?”

“ಅರ್ಧಕ್ಕೇ ಮುಚ್ಚಿಟ್ಟೆ ಅಕ್ಕಾ. ಭಯ ಆಯ್ತು.”

“ಪುಕ್ಕಲಿ! ಕಟ್ಟುಕತೆ ಕಣೇ ಅದು.”

“ನನ್ಗದು ಕಟ್ಟುಕತೆ ಅಲ್ಲ. ಅಮ್ಮ ತೀರ್ಕೊಂಡಾಗ ನಾನು ಶೋಕಗೀತೆ ಹಾಡಿ ಅತ್ತೆನಲ್ಲ, ಆ ಹಾಡು ಅಮ್ಮನ ಫೋನೇ ಬರ್ಕೊಟ್ಟಿದ್ದು.”

“ಅಯ್ಯೋ! ಊರಿಗೆ ಊರೇ ಅತ್ತಿತ್ತಲ್ಲೇ!”

“ಅದ್ರಲ್ಲಿ, ಹುಟ್ಟಿದ ಕೂಡ್ಲೇ ಸತ್ತ ನಮ್ಮಣ್ಣನ ಹೆಸರಿತ್ತು. ನಂಗೊಬ್ಬ ಅಣ್ಣ ಇದ್ದಿದ್ದೇ ಗೊತ್ತಿರ್ಲಿಲ್ಲ.”

“ಮತ್ತೆ ಅದಕ್ಕೆ ಹೇಳಿದ್ಯಾರು?”

“ಅಮ್ಮನೇ. ದಿನಾ ಅದ್ರ ಹತ್ರ ಮಾತಾಡ್ತಿದ್ಲಂತೆ.”

“ನಿಮ್ಮಮ್ಮ ಇನ್ನೇನೇನು ಹೇಳಿದ್ರೋ, ಆ ಫೋನನ್ನೇ ಕೇಳ್ಬಿಡು.”

“ಕಾದಂಬರೀಲಿ ತಾಯಿ ಸತ್ತ ಮಗಳೂ ಯಂತ್ರಾನ ಹಾಗೇ ಕೇಳ್ತಾಳೆ. ಅಲ್ಲಿಗೇ ಮುಚ್ಚಿದ್ದು. ನೀನು ಪೂರ್ತಿ ಓದಿದೀಯಲ್ಲ, ಆಮೇಲೆ ಅವಳಿಗೇನಾಗತ್ತೆ?”

ನಿಲ್ದಾಣ ಬಂದಾಗ ಹಿರಿಯವಳು ಸಾಯ್ರಾಳ ಕೈಯಲ್ಲಿದ್ದ ಅವಳಮ್ಮನ ಫೋನನ್ನು ಕಿತ್ತು ತನ್ನ ಚೀಲದೊಳಗೆ ಹಾಕಿಕೊಂಡು, ಅವಳನ್ನು ಕೈಹಿಡಿದು ಇಳಿಸಿಕೊಂಡು ಹೋದಳು.