ಸಮುದ್ರಕ್ಕೆ ಬಿಟ್ಟ ಧೋತ್ರ

ಗಂಗಾವತಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು. ಶಂಕ್ರಮ್ಮ ಎಂಬ ಹಿರಿಯರು ಅಂಡಮಾನ್ ನೋಡಿ ಬಂದವರು. ವಾಣಿಶ್ರೀ ಬರುವ ತಿಂಗಳು ಹೋಗುವವಳು.

“ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯಿ. ಊಟದ್ದು ಚಿಂತಿ ಇಲ್ಲ.”

“ಮತ್ತ?”

“ಸಮುದ್ರದಾಗ ಏನೂ ಬಿಡಬ್ಯಾಡ.”

“ಏನ್ ಬಿಡ್ತಾರ್ರಿ?”

“ಹೊಳ್ಯಾಗ ಜಳಕ ಮಾಡಿದ್ರ ಹಳೇ ಧೋತ್ರ ನೀರಿಗೆ ಬಿಡೂದು ನಮ್ಮನಿಯವ್ರ ರೂಢಿ. ಅಲ್ಲೂ ಹಂಗ ಬಿಟ್ಟು, ಬ್ಯಾರೆ ಉಟ್ಕೊಂಡು ಎಳನೀರು ಕುಡಿಯಾಕ ಹೋಗ್ಯಾರ.”

“ಅಯ್ಯ ಶಿವನ!”

“ಧೋತ್ರ ತೇಲೂದು ನೋಡಿ ಕಾವಲಿನವ್ರು ಸೀಟಿ ಊದಿದ್ರು. ಯಾರೋ ಮುಳುಗ್ಯಾರಂತ ಬೋಟ್ ಬಿಟ್ಟು ಹುಡುಕಿದ್ರು.”

“ನೀವೇನ್ ಮಾಡಿದ್ರಿ?”

“ಕೆಂಪು ಅಂಚು ನೋಡಿದ ಕೂಡ್ಲೇ ಗುರ್ತು ಹತ್ತಿತು. ಅಲ್ಲೇ ಕಲ್ಲಿಗೆ ಕೈ ಬಡದು ಬಳಿ ಒಡಕೊಂಡೆ.”

ವಾಣಿಶ್ರೀ ಎದೆ ಹಿಡಿದುಕೊಂಡಳು. “ಯಜಮಾನ್ರು?”

“ಮಂದ್ಯಾಗ ನಿಂತು, ‘ಪಾಪ, ಯಾರ ಮನಿಯವನೋ’ ಅಂತ ಕೈ ಮುಗಿಯಾಕತ್ತಿದ್ರು.”

“ಈಗೆಲ್ಲಿಗ್ರಿ?”

“ಹುಲಿಗಿ ದೇವಿ ಗುಡಿಗೆ. ಅಮ್ಮನ ಮುಂದ ಹೊಸಾ ಬಳಿ ಇಡಸ್ಕೊಂಡ್ರನ ನನ್ನ ಜೀವಕ್ಕ ಸಮಾಧಾನ.”

ಅಷ್ಟರಲ್ಲಿ ಹುಲಿಗಿ ಬಸ್ಸು ಬಂತು. ಹೊಸ ಧೋತ್ರ ಉಟ್ಟ ಮುದುಕರೊಬ್ಬರು ಓಡಿಹೋಗಿ, ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆದು, ಚಹಾದ ಅಂಗಡಿಯ ಕಡೆ ತಿರುಗಿದರು.

ಶಂಕ್ರಮ್ಮ ಎರಡೂ ಬರಿಗೈ ಎತ್ತಿ ಚೀರಿದರು. “ಅದನ್ನ ಅಲ್ಲಿ ಬಿಟ್ಟು ಎಲ್ಲಿಗೂ ಹೋಗಬ್ಯಾಡ್ರಿ!”