ಎಡಗಡೆ ನೋಡುವವರು

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರಾದ ಗಂಗಾಧರಪ್ಪನವರೇ, ಸೊರಬದ ಈ ಕಾಲೇಜಿನಲ್ಲಿ ನನಗೆ ಪಾಠ ಹೇಳಿದ ಗುರುಗಳೇ, ಊಟಕ್ಕೆ ಮುಂಚಿನ ಕೊನೆಯ ಭಾಷಣ ಇದೇ ಎಂದು ತಿಳಿದು ತಾಳ್ಮೆಯಿಂದಿರುವ ಸಭಿಕರೇ,

ಆಹ್ವಾನ ಪತ್ರಿಕೆಯಲ್ಲಿ ‘ಖ್ಯಾತ ಫುಟ್‌ಬಾಲ್ ಆಟಗಾರ ಮಹಾಂತೇಶ’ ಎಂದು ಅಚ್ಚು ಹಾಕಿಸಿದ್ದೀರಿ. ಅದನ್ನು ನಂಬಿ ದೈಹಿಕ ಶಿಕ್ಷಕರು ಬೆಳಿಗ್ಗೆ ಪಂದ್ಯ ಉದ್ಘಾಟಿಸಲು ನನ್ನ ಮುಂದೆ ಚೆಂಡು ಇಟ್ಟರು. ಒದ್ದೆ. ಚೆಂಡು ಅಲ್ಲೇ ಇತ್ತು, ನನ್ನ ಚಪ್ಪಲಿ ಗೋಲಿನತ್ತ ಹೋಯಿತು. ಸ್ವಾಮಿ, ನಾನು ಆಡುವುದು ವಿಡಿಯೋ ಗೇಮು, ಎರಡು ಹೆಬ್ಬೆರಳಿನಲ್ಲಿ. ಹನ್ನೊಂದು ಜನರನ್ನು ಓಡಿಸುತ್ತೇನೆ, ನಾನು ಮಾತ್ರ ಚಾಪೆ ಬಿಟ್ಟು ಏಳುವುದಿಲ್ಲ. ಇದರಲ್ಲೇ ಎಂಟು ವರ್ಷ ಕಳೆದೆ. ಎರಡು ಸಲ ರಾಜ್ಯಕ್ಕೆ ಮೊದಲನೆಯವನು, ಒಂದು ಸಲ ದೇಶಕ್ಕೆ ಎರಡನೆಯವನು. ಈಗ ನನಗೆ ಇಪ್ಪತ್ತಾರು. ಈ ಆಟದಲ್ಲಿ ಅದು ಹಿರಿಯ ನಾಗರಿಕರ ವಯಸ್ಸು.

ಕಲಿಸಿದವರು ಯಾರು ಎಂದು ನಿರೂಪಕರು ಕೇಳಿದರು. ಹೌದು, ಯಾರು ಕಲಿಸಿದರು?

ತಾಳಗುಂದದ ಮನೆಯಲ್ಲಿ ನಾನು ಆಡುವಾಗ ಅವ್ವ ಪಕ್ಕದಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ನಲವತ್ತು ವರ್ಷ ಕುರಿ ಕಾಯ್ದವಳು, ಆಟದ ನಿಯಮ ಒಂದೂ ಗೊತ್ತಿಲ್ಲ. ಒಂದು ದಿನ ತಲೆಯೆತ್ತಿ, “ಲೇ ಮಾಂತೇಶ, ನಿನ್ನೋರೆಲ್ಲಾ ಚೆಂಡಿನ ಹಿಂದೆ ಹೊಂಟಾರೆ. ಎಡಗಡೆ ಅವರ ಕಡೆಯೋನೊಬ್ಬ ಸುಮ್ನೆ ನಿಂತಾನೆ ನೋಡು” ಎಂದಳು. ನೋಡುವಷ್ಟರಲ್ಲಿ ಚೆಂಡು ಅವನಿಗೇ ಹೋಗಿ ಗೋಲಾಯಿತು. “ಹಿಂಡಿನಾಗೂ ಹಂಗೇ ಕಣೋ. ಗದ್ದಲ ಮಾಡೋದನ್ನ ಬಿಡು, ಬೇರೆ ನಿಂತಿದ್ದನ್ನ ನೋಡು” ಎಂದಳು. ಅಂದಿನಿಂದ ನಾನು ಆಡಿದೆ, ಅವಳು ಎಡಗಡೆ ನೋಡಿದಳು. ನನ್ನ ರಕ್ಷಣಾ ತಂತ್ರವೆಂದು ಎಲ್ಲರೂ ಹೊಗಳಿದ್ದು ಇದನ್ನೇ.

ಹೋದ ವರ್ಷ ಪತ್ರಿಕೆಯವರು ಮನೆಯವರ ಸಹಕಾರ ಹೇಗಿದೆ ಎಂದು ಕೇಳಿದರು. ‘ನಮ್ಮ ಮನೆಯಲ್ಲಿ ಈ ಆಟ ಯಾರಿಗೂ ಅರ್ಥವಾಗುವುದಿಲ್ಲ’ ಎಂದುಬಿಟ್ಟೆ. ಹಾಗೆಂದರೆ ದೊಡ್ಡವನಾಗಿ ಕಾಣುತ್ತೇನೆ ಅನ್ನಿಸಿತ್ತು. ಪಕ್ಕದ ಮನೆಯ ಉಜ್ಜಪ್ಪ ಅದನ್ನು ಅವ್ವನಿಗೆ ಓದಿ ಹೇಳಿದ. ಅವಳು ಬೈಯಲಿಲ್ಲ. “ಖರೇನೇ ಐತಲ್ಲ, ನಂಗೇನ್ ತಿಳೀತೈತಿ” ಎಂದು ಮೊರ ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋದಳು. ಮತ್ತೆ ಪಕ್ಕಕ್ಕೆ ಬರಲಿಲ್ಲ. ಆಮೇಲೆ ಒಂಬತ್ತು ಪಂದ್ಯದಲ್ಲಿ ಏಳು ಸೋತಿದ್ದೇನೆ. ಸೋಲು ದೊಡ್ಡದಲ್ಲ. ಪಕ್ಕದ ಜಾಗ ಖಾಲಿ ಇರುವುದನ್ನು ನೋಡಲಾಗುತ್ತಿಲ್ಲ.

ಮನೆಯಲ್ಲಿ ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಊರಿಗೆಲ್ಲ ಹೇಳಿದ ಮಾತನ್ನು ಊರ ಮುಂದೆಯೇ ವಾಪಸ್ ತೆಗೆದುಕೊಳ್ಳಬೇಕಲ್ಲವೇ? ತೆಗೆದುಕೊಂಡಿದ್ದೇನೆ. ನನ್ನ ಗುರುವಿನ ಹೆಸರು ಹಾಲಮ್ಮ. ಊರಿಗೆ ಹೋಗುವ ಶಿಕಾರಿಪುರದ ಬಸ್ಸು ತಪ್ಪೀತು ಎಂದು ಕುರ್ಚಿಯಲ್ಲೂ ಕೂರದೆ ಬಾಗಿಲ ಬಳಿ ನಿಂತಿದ್ದಾಳೆ.

ಸಭಿಕರೇ, ಇಷ್ಟು ಹೊತ್ತು ನನ್ನನ್ನೇ ನೋಡಿದಿರಿ, ಧನ್ಯವಾದ. ಈಗ ಒಮ್ಮೆ ಎಡಗಡೆ ನೋಡಿ.

ಅವ್ವಾ, ಭಾನುವಾರ ಮಧ್ಯಾಹ್ನ ಪಂದ್ಯ ಐತಿ. ಮೊರ ತಗೊಂಡು ಒಳಗೆ ಬಾ.

ನಮಸ್ಕಾರ.