ಅರವಟ್ಟಿಗೆಯ ಮಡಕೆ

ದೀಪ ಹಾಗೇ ಇರಲಿ, ಆರಿಸಬೇಡಿ. ಇದು ಆಂಬೂರಿನಲ್ಲಿ, ನನ್ನ ಪಕ್ಕದ ಮನೆಯ ಕಯಲ್‌ವಿಳಿಗೆ ಆದದ್ದು. ಆದದ್ದು ಅಂದರೆ ಆದದ್ದೇ. ನಂಬದವರು ಈಗಲೇ ಎದ್ದು ಹೋಗಿ ಮಲಗಬಹುದು.

ಕಯಲ್ ಶೂ ಫ್ಯಾಕ್ಟರಿಯಲ್ಲಿ ಹೊಲಿಗೆಯವಳು. ಇಪ್ಪತ್ತಮೂರು ವಯಸ್ಸು, ಮೂಗಿನ ತುದಿಯಲ್ಲೇ ಸಿಟ್ಟು. ಎರಡನೇ ಪಾಳಿ ಮುಗಿಸಿ ಬಂದು ಲ್ಯಾಪ್‌ಟಾಪಿನಲ್ಲಿ ಬಂದೂಕಿನ ಆಟ ಆಡುತ್ತಿದ್ದಳು. ಕಾಲಹರಣಕ್ಕಲ್ಲ. ನಾಲ್ಕು ಊರಿನ ನಾಲ್ಕು ಹುಡುಗಿಯರ ತಂಡ ಅದು, ಆ ಶನಿವಾರ ರಾತ್ರಿ ಹನ್ನೊಂದಕ್ಕೆ ಫೈನಲ್.

ಆದರೆ ಲ್ಯಾಪ್‌ಟಾಪಿಗೆ ಅಗ್ನಿನಕ್ಷತ್ರದ, ಅಂದರೆ ಮೇ ತಿಂಗಳ ಉರಿಬಿಸಿಲಿನ ದಿನಗಳ, ಸೆಕೆ ಬಡಿದಿತ್ತು. ಆಟ ಶುರುವಾಗಿ ಹತ್ತೇ ನಿಮಿಷಕ್ಕೆ ಒಳಗಿನ ಫ್ಯಾನ್ ಗೊರ್ರ್... ಎಂದು ಅರಚುತ್ತಿತ್ತು. ಪರದೆಯ ಮೂಲೆಯಲ್ಲಿ ಬಿಸಿಯ ಅಂಕಿ ಏರುತ್ತಿತ್ತು. ತೊಂಬತ್ತು... ತೊಂಬತ್ತೈದು... ನೂರು ಮುಟ್ಟಿದರೆ ಟಪ್. ಕತ್ತಲು. ಸೆಮಿಫೈನಲಿನಲ್ಲಿ ಒಮ್ಮೆ ಹಾಗಾಗಿತ್ತು. ಇನ್ನೊಂದು ಸಲ ಆದರೆ ನಾಲ್ವರೂ ಹೊರಗೆ, ಅದು ಪಂದ್ಯದ ನಿಯಮ. ರಿಪೇರಿಯ ಬಷೀರಣ್ಣ ಅಂಗಡಿಗೆ ಬೀಗ ಹಾಕಿ ಮದುವೆಗೆ ಹೋಗಿದ್ದ.

"ಅಕ್ಕಾ, ಬೇಜಾರು ಮಾಡ್ಕೋಬೇಡ. ಈ ಸಲ ನೀನು ಹೊರಗೆ ಕೂತ್ಕೋ, ನಾವು ಮೂವರೇ ಆಡ್ತೀವಿ" ಎಂದು ತಂಡದ ತೇನ್‌ಮೊಳಿ ಈರೋಡಿನಿಂದ ಫೋನ್ ಮಾಡಿದ್ದಳು.

"ಕೂರಲ್ಲ" ಅಂದಳು ಕಯಲ್. "ಇವತ್ತು ಲ್ಯಾಪ್‌ಟಾಪ್ ನಿಂತುಹೋದ್ರೆ ಇನ್ನು ಯಾವತ್ತೂ ಮೌಸ್ ಮುಟ್ಟಲ್ಲ, ಆಯ್ತಾ?"

ಮಾತೇನೋ ಆಡಿಬಿಟ್ಟಳು. ಹತ್ತೂಕಾಲಿಗೆ ಫ್ಯಾಕ್ಟರಿ ಬಿಟ್ಟು ಆಲದ ಮರದ ಬಾವಿಯ ಪಕ್ಕ ನಡೆದು ಬರುವಾಗ ಅವಳು ಹೆದರಿದ್ದು ದೆವ್ವಕ್ಕಲ್ಲ, ಆ ನೂರರ ಅಂಕಿಗೆ. ಮರದ ಕೆಳಗೆ ಸೊರ್ಣಮ್ಮನ ಅರವಟ್ಟಿಗೆ. ಸೊರ್ಣಮ್ಮ ಸತ್ತು ಎರಡು ವರ್ಷ. ಇಂಥದ್ದೇ ಒಂದು ಸೆಕೆಯ ದಿನ, ಸವಟು ಕೈಯಲ್ಲಿ ಹಿಡಿದುಕೊಂಡೇ ಅಲ್ಲಿ ಕುಸಿದವಳು. ಚಪ್ಪರ ಬಿದ್ದಿತ್ತು. ಮರಳಿನಲ್ಲಿ ಹೂತ ಮಡಕೆಗಳನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.

ಕಯಲ್ ನಿಂತಳು. ತಣ್ಣನೆಯ ಮಡಕೆಯ ಮೇಲೆ ಗಾಳಿ ಹಾಯಿಸಿದರೆ ಲ್ಯಾಪ್‌ಟಾಪ್ ತಣಿಯುತ್ತದಲ್ಲ... ಬಾಗಿ ಒಂದನ್ನು ಎತ್ತಿದಳು. ಭಾರ. ಎರಡು ವರ್ಷದಿಂದ ಯಾರೂ ತುಂಬದ ಮಡಕೆ, ಕಂಠದವರೆಗೆ ನೀರು. ಅಷ್ಟು ಭಾರ ಹೊತ್ತು ನಡೆದರೆ ಆಟಕ್ಕೆ ತಡವಾಗುತ್ತದೆಂದು ನೀರನ್ನು ಮಣ್ಣಿಗೆ ಬಗ್ಗಿಸಿದಳು.

ಬುಳ್... ಬುಳ್... ಬುಳ್.

ಮರದ ಹಿಂದೆ ಸವಟು ಲೋಟಕ್ಕೆ ತಾಗಿದ ಸದ್ದು. ಟಿಣ್.

"ಯಾರದು?"

ಮಡಕೆಯನ್ನು ಸೊಂಟಕ್ಕಿಟ್ಟು ನಡೆದೇಬಿಟ್ಟಳು.

ಮನೆಯಲ್ಲಿ ಅಜ್ಜಿ. ಆಯಾ ಎಂದೇ ಕರೆಯುವುದು. ಮಡಕೆ ನೋಡಿದ ಕೂಡಲೇ ಮುದುಕಿಯ ದನಿ ಇಳಿಯಿತು.

"ಸೊರ್ಣಮ್ಮಂದಲ್ವೇನೇ ಇದು?"

"ಹೂಂ."

"ನೀರಿತ್ತಾ?"

"ಚೆಲ್ಲಿದೆ."

"ಅಯ್ಯೋ ಪಾಪಿ... ಅರವಟ್ಟಿಗೆ ನೀರನ್ನ ಬಾಯಾರಿದವರ ಬಾಯಿಗೆ ಹಾಕ್ತಾರೆ, ನೆಲಕ್ಕಲ್ಲ. ಈಗಲೇ ಇಟ್ಟು ಬಾ."

"ಒಂದು ಗಂಟೆ ತಡಿ ಆಯಾ."

ಮಡಕೆ ತುಂಬಿಸಿದಳು. ಒದ್ದೆ ಗೋಣಿ ಸುತ್ತಿ ಟೇಬಲ್ ಫ್ಯಾನಿನ ಎದುರಿಗಿಟ್ಟಳು. ಲ್ಯಾಪ್‌ಟಾಪಿನ ಅಡಿಗೆ ಗಾಳಿಯಾಡಲಿ ಎಂದು ತೂತಿನ ಇಡ್ಲಿ ತಟ್ಟೆ. ಆಯಾ ಮೂಲೆಯಲ್ಲಿ ಸೆರಗು ಕಚ್ಚಿಕೊಂಡು ಕೂತಳು. ಆಟ ಶುರುವಾಯಿತು.

ಮೊದಲ ಅರ್ಧ ಗಂಟೆ ಎಂಬತ್ತು ದಾಟಲಿಲ್ಲ. ಆಮೇಲೆ ಕರೆಂಟ್ ಹೋಯಿತು. ಟೇಬಲ್ ಫ್ಯಾನ್ ನಿಂತಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೂ, ಇಂಟರ್‌ನೆಟ್ ಫೋನಿನಲ್ಲೂ ನಡೆಯುತ್ತಿತ್ತು. ಅಂಕಿ ಏರಿತು. ತೊಂಬತ್ತೊಂದು... ತೊಂಬತ್ತಾರು...

ಬಾಗಿಲ ಹೊರಗೆ ಪಚ್... ಪಚ್... ಒದ್ದೆ ಕಾಲಿನ ಹೆಜ್ಜೆ. ಒಳಗೆ ಬಂತು. ಬೆನ್ನ ಹಿಂದೆ ನಿಂತಿತು.

ಟಿಣ್.

"ನೀರು ಚೆಲ್ಲಿದ್ಯಲ್ಲೇ..."

ಕಿವಿಯ ಹೆಡ್‌ಫೋನಿನಲ್ಲಿ ತೇನ್‌ಮೊಳಿ ಕೇಳಿದಳು, "ಅಕ್ಕಾ... ನಿನ್ ಪಕ್ಕ ಯಾರು? ಯಾವ್ದೋ ಅಜ್ಜಿ ನೀರು ನೀರು ಅಂತಿದ್ದಾರೆ."

ಕಯಲ್‌ಗೆ ಭಯವಾಯಿತು, ಇಲ್ಲ ಅನ್ನುವುದಿಲ್ಲ. ಆದರೆ ಕೈ ಮೌಸ್ ಬಿಡಲಿಲ್ಲ, ತಲೆ ತಿರುಗಲಿಲ್ಲ. ತೊಂಬತ್ತೆಂಟು.

"ಚೆಲ್ಲಿದ್ದು ತಪ್ಪು" ಅಂದಳು ಪಿಸುದನಿಯಲ್ಲಿ. "ತಪ್ಪೇ. ಆದ್ರೆ ಈಗ ಏಳಲ್ಲ. ಇನ್ನು ಹನ್ನೆರಡು ನಿಮಿಷ ಇದೆ. ಆಮೇಲೆ ತುಂಬಿಸ್ಕೊಂಡು ನಾನೇ ಹೊತ್ತು ತರ್ತೀನಿ. ಅಲ್ಲೀ ತನಕ ಕತ್ತು ಹಿಸುಕ್ತೀಯಾ, ಹಿಸುಕು. ಕೈ ಮಾತ್ರ ಮುಟ್ಬೇಡ."

ತೊಂಬತ್ತೊಂಬತ್ತು.

ಪಚ್. ಒದ್ದೆ ಕಾಲು ಇನ್ನೊಂದು ಹೆಜ್ಜೆ ಹತ್ತಿರ ಬಂತು.

ಫೂ...

ಬಿಸಿ ಹಾಲಿನ ಲೋಟಕ್ಕೆ ಊದುವ ಹಾಗೆ. ಫೂ... ಫೂ... ಅಂಕಿ ಇಳಿಯಿತು. ಎಂಬತ್ತು. ಐವತ್ತು. ಮೂವತ್ತು. ಒಳಗಿನ ಫ್ಯಾನಿನ ಅರಚಾಟ ನಿಂತುಹೋಯಿತು. ಇಪ್ಪತ್ತೊಂದು. ಮೂವತ್ತಾರು ಡಿಗ್ರಿ ಸೆಕೆಯ ಕೋಣೆಯಲ್ಲಿ ಆಟ ಆಡುತ್ತಿರುವ ಲ್ಯಾಪ್‌ಟಾಪ್ ಇಪ್ಪತ್ತೊಂದಕ್ಕೆ ಇಳಿಯಲು ಹೇಗೆ ಸಾಧ್ಯ, ನೀವೇ ಹೇಳಿ. ಕಯಲ್ ಅದನ್ನು ಯೋಚಿಸಲಿಲ್ಲ. ಆಡಿದಳು. ಕೊನೆಯ ಸುತ್ತಿನಲ್ಲಿ ತಂಡದ ಮೂವರೂ ಬಿದ್ದು, ಎದುರಿನ ಇಬ್ಬರ ಮುಂದೆ ಒಬ್ಬಳೇ ಉಳಿದು, ಇಬ್ಬರನ್ನೂ ಹೊಡೆದಳು.

"ಗೆದ್ವಿ ಅಕ್ಕಾ... ಗೆದ್ವಿ" ಎಂದು ತೇನ್‌ಮೊಳಿ ಅಳುತ್ತಿದ್ದಳು. ಕಯಲ್ ಹೆಡ್‌ಫೋನ್ ಕಿತ್ತಿಟ್ಟಳು. ಬೆನ್ನ ಹಿಂದೆ ಯಾರೂ ಇರಲಿಲ್ಲ. ಆಯಾ ಕಣ್ಣು ಮುಚ್ಚಿ ಕೈ ಮುಗಿದು ಕೂತಿದ್ದಳು.

"ನಾನೂ ಬರ್ಲಾ?" ಎಂದಳು ಮುದುಕಿ.

"ಬೇಡ. ಮಾತು ಕೊಟ್ಟಿದ್ದು ನಾನು."

ತುಂಬಿದ ಮಡಕೆ ಹೊತ್ತು ಆ ಸರಿರಾತ್ರಿ ಒಬ್ಬಳೇ ಹೋಗಿ ಮರಳಿನಲ್ಲಿ ಇಟ್ಟು ಬಂದಳು. ಅಷ್ಟಕ್ಕೇ ಬಿಡಲಿಲ್ಲ. ಅಗ್ನಿನಕ್ಷತ್ರ ಮುಗಿಯುವವರೆಗೆ ದಿನಾ ಪಾಳಿಗೆ ಮುಂಚೆ ಎಲ್ಲ ಮಡಕೆಗಳಿಗೂ ನೀರು ತುಂಬಿಸಿದಳು. ಕುಡಿಯಲು ಹೆದರಿದವರನ್ನು ಬೈದು ಕುಡಿಸಿದಳು. ನಾನೂ ಕುಡಿದಿದ್ದೇನೆ.

ಮಂಗಳವಾರ ಬಷೀರಣ್ಣ ಬಂದು ಲ್ಯಾಪ್‌ಟಾಪ್ ಬಿಚ್ಚಿದ. ಹನ್ನೊಂದು ಸ್ಕ್ರೂ. ನಾನು ಅಲ್ಲೇ ನಿಂತಿದ್ದೆ. ಅಡಿಯ ಮುಚ್ಚಳ ತೆಗೆದು, ಒಳಮೈ ಮೇಲೆ ಮಾಡಿ, ನನ್ನ ಕೈಗೆ ಕೊಟ್ಟ. ಅಲ್ಲಿ ಜೇಡಿಮಣ್ಣಿನ ಐದು ಬೆರಳಿನ ಗುರುತು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡಿದ ಹಾಗೆ. ನಾನು ಮುಟ್ಟಿದೆ, ನನ್ನ ಈ ಕೈಯಿಂದಲೇ. ಮೂರು ದಿನವಾಗಿತ್ತು... ಮಣ್ಣು ಇನ್ನೂ ಒದ್ದೆಯಿತ್ತು.